ತಲೆ ಎಣಿಸುವವರೆಗೆ ಸಹಿ ಇಲ್ಲ

ಅಕ್ಟೋಬರ್ ೩, ೨೦೦೯. ಶನಿವಾರ

ಕ್ಲಾಸಿಗೆ ಇವತ್ತು ಒಂಬತ್ತು ಜನ. ಡೆಸ್ ಪ್ಲೇನ್ಸ್‌ನ ಆ ಕಾನ್ಫರೆನ್ಸ್ ರೂಮಿನಲ್ಲಿ ಹೀಟರ್ ಇನ್ನೂ ಹಾಕಿಲ್ಲ. ಎಲ್ಲರೂ ಶಾಲು ಹೊದ್ದು ಕೂತಿದ್ದರು. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಪಾಠ ನಿಲ್ಲಿಸಬೇಕು.

ಸಿಟಿಜನ್‌ಶಿಪ್ ಪರೀಕ್ಷೆಯ ನೂರು ಪ್ರಶ್ನೆಗಳಲ್ಲಿ ಅರವತ್ತೈದಕ್ಕೆ ಬಂದೆವು. ೧೭೮೭ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದವರು ಏನು ಮಾಡಿದರು? ಉತ್ತರ ಒಂದೇ ಸಾಲು, ಸಂವಿಧಾನ ಬರೆದರು. ನನ್ನ ವಿದ್ಯಾರ್ಥಿನಿ ಶಾಂತವ್ವನಿಗೆ ಒಂದು ಸಾಲು ಎಲ್ಲಿ ಸಾಕು?

"ಅದಕ್ಕ ಮೊದಲ ಏನಿತ್ರೀ ಟೀಚರ?"

ಹೇಳಿದೆ. ಹದಿಮೂರು ರಾಜ್ಯ, ಸಡಿಲವಾದ ಒಂದು ಒಪ್ಪಂದ. ಒಬ್ಬೊಬ್ಬರದು ಒಂದೊಂದು ಸುಂಕ. ಒಪ್ಪಂದ ಬದಲಿಸಬೇಕಾದರೆ ಹದಿಮೂರೂ ಹೂಂ ಅನ್ನಬೇಕು. ಒಬ್ಬ ಊಹೂಂ ಅಂದರೆ ಮುಗಿಯಿತು.

"ಅಂದ್ರ ಹದಿಮೂರು ಮಂದಿ ಅಣ್ತಮ್ಮಂದಿರು, ಹದಿಮೂರು ಒಲಿ. ಹಿರ್ಯಾ ಅನ್ನಾಂವ ಇಲ್ಲ."

"ಹಿರಿಯನ ಕಾಟ ತಪ್ಪಿಸಿಕೊಳ್ಳೋಕೇ ಯುದ್ಧ ಮಾಡಿದ್ದು" ಅಂದೆ.

"ಹೌದಲ್ರೀ ಮತ್ತ! ಹಿರ್ಯಾ ಇದ್ರೂ ತ್ರಾಸು, ಇಲ್ಲದಿದ್ರೂ ತ್ರಾಸು. ಅದಕ್ಕ ಕಾಗದಾ ಬರದ್ರು."

ಮೈಸೂರಿನ ಕಾಲೇಜಿನಲ್ಲಿ ಐದು ವರ್ಷ ರಾಜ್ಯಶಾಸ್ತ್ರ ಹೇಳಿದವಳು ನಾನು. ಇಷ್ಟು ಚೆನ್ನಾಗಿ ಒಂದು ದಿನವೂ ಹೇಳಲಿಲ್ಲ.

ನವೆಂಬರ್ ೨೪ಕ್ಕೆ ಶಾಂತವ್ವನ ಇಂಟರ್‌ವ್ಯೂ. ಅರವತ್ತೆರಡು ವರ್ಷ, ಇಂಗ್ಲಿಷು ಎರಡು ವರ್ಷದ್ದು. ಯಾಕೆ ಇಷ್ಟು ಹಟ ಅಂತ ಕೇಳಿದೆ. "ಹದಿನಾರಕ್ಕ ಮದಿವಿ ಮಾಡಿದ್ರು, ಕೇಳ್ಲಿಲ್ಲ. ಮನಿಯವರು ತೀರಿಹೋದ ಮ್ಯಾಲೆ ಮಗಳು ಇಲ್ಲಿಗೆ ಕರಕೊಂಡು ಬಂದ್ಲು, ಕೇಳ್ಲಿಲ್ಲ. ಒಮ್ಮೆರ ಯಾರರ ನನ್ನ ಕೇಳಬೇಕ್ರೀ, ನಿನಗ ಯಾರು ಬೇಕಬೇ ಅಂತ."

ಅಕ್ಟೋಬರ್ ೬

ಹೃಷೀಕೇಶನ ಇಮೇಲ್. ಸರೋವರ ಕನ್ನಡ ಬಳಗದ ಅಧ್ಯಕ್ಷ. ಎರಡು ವರ್ಷದ ಅವಧಿ ಈ ಡಿಸೆಂಬರ್ ೩೧ಕ್ಕೆ ಮುಗಿಯಬೇಕು. ಈಗ ಬೈಲಾ ತಿದ್ದುಪಡಿಯಂತೆ — "ಆರ್ಥಿಕ ಪರಿಸ್ಥಿತಿ ಸುಧಾರಿಸುವವರೆಗೆ ಹಾಲಿ ಸಮಿತಿಯೇ ಮುಂದುವರಿಯತಕ್ಕದ್ದು."

ಸುಧಾರಿಸಿತು ಅಂತ ತೀರ್ಮಾನಿಸುವವರು ಯಾರು? ಹಾಲಿ ಸಮಿತಿ!

ಮೂರು ಸಲ ಓದಿದೆ. ಕಾಫಿ ತಣ್ಣಗಾಯಿತು.

ಆ ಬೈಲಾ ಬರೆದಿದ್ದು ಇದೇ ಅಡುಗೆಮನೆಯ ಮೇಜಿನ ಮೇಲೆ. ೧೯೮೭. ದೇಶವೆಲ್ಲ ಸಂವಿಧಾನದ ಇನ್ನೂರು ವರ್ಷ ಅಂತ ಬಾವುಟ ಹಿಡಿದಿತ್ತು. ನಾವು ಮೂವರು — ನಾನು, ನಮ್ಮವರು ಹಯವದನ, ಹೃಷಿ. ಅವನು ಆಗ ತಾನೇ ಬಂದ ಹುಡುಗ, ಮೂರು ತಿಂಗಳು ನಮ್ಮ ಬೇಸ್‌ಮೆಂಟಿನಲ್ಲೇ ಇದ್ದ. ನನ್ನನ್ನು ಅಕ್ಕ, ಇವರನ್ನು ಭಾವ ಅನ್ನೋದು ಅಲ್ಲಿಂದ ಶುರು. ಓಟು ಎಣಿಸಿ ದಾಖಲೆ ಮಾಡಬೇಕು ಅಂತ ಒಂದು ಸಾಲು ಬರೆದಿದ್ದೆ. ಇವರೂ ಅವನೂ ಒಟ್ಟಿಗೆ ಬೇಡ ಅಂದರು. "ನಮ್ಮ ನಮ್ಮಲ್ಲೇ ಎಣಿಕೆಯಾ? ಅಪನಂಬಿಕೆ ಬರೆದಿಟ್ಟ ಹಾಗಾಗುತ್ತೆ." ಹೊಡೆದು ಹಾಕಿದೆ. ನನ್ನ ಕೈಯಾರೆ.

ಇಪ್ಪತ್ತೆರಡು ವರ್ಷ ಅಧ್ಯಕ್ಷರನ್ನೆಲ್ಲ ಚಪ್ಪಾಳೆಯಲ್ಲೇ ಆರಿಸಿದ್ದೇವೆ. "ಅವಿರೋಧ" ಅನ್ನೋದು ನಮಗೆ ಹೆಮ್ಮೆ.

ಕೊನೆಯ ಕಲಮು ಮಾತ್ರ ಉಳಿದಿದೆ. ಬೈಲಾ ಬದಲಿಸಬೇಕಾದರೆ ಜನರಲ್ ಬಾಡಿಯ ಒಪ್ಪಿಗೆ, ಜೊತೆಗೆ ಬರೆದ ಮೂವರ ಸಹಿ. ಗೌರವಕ್ಕೆ ಅಂತ ಹಾಕಿದ್ದು.

ಅಕ್ಟೋಬರ್ ೭

ಸೌತ್‌ಫೀಲ್ಡ್‌ನಿಂದ ಮಗಳು ತನ್ಮಯಿಯ ಫೋನು. ಅವಳ ಆಫೀಸಿನಲ್ಲಿ ಎರಡು ಮಹಡಿ ಖಾಲಿಯಂತೆ, ದೀಪವನ್ನೂ ಹಾಕೋದಿಲ್ಲವಂತೆ. ಬೈಲಾ ವಿಷಯ ಹೇಳಿದೆ.

"ಅಮ್ಮಾ, ಇಟ್ಸ್ ಎ ಪಾಟ್‌ಲಕ್ ಕ್ಲಬ್. ಜಸ್ಟ್ ಸೈನ್ ಇಟ್." ಮನೆಯಿಂದ ಅಡುಗೆ ತಂದು ಹಂಚಿಕೊಂಡು ಉಣ್ಣುವ ಕೂಟ, ಅಷ್ಟೇ ಅಂತ.

"ನಿಮ್ಮ ಆಫೀಸಿನಲ್ಲಿ ಯಾರನ್ನ ತೆಗೀಬೇಕು ಅಂತ ನಿನ್ನನ್ನ ಕೇಳಿದ್ರಾ?"

"ನೋ. ದಟ್ಸ್ ಎ ಕಂಪನಿ."

"ಇದು ಕಂಪನಿ ಅಲ್ಲ. ಅದಕ್ಕೇ."

"ಯು ನೀಡ್ ಎ ಜಾಬ್, ಅಮ್ಮಾ" ಅಂದಳು. ಫೆಬ್ರವರಿಯಿಂದ ಮನೆಯಲ್ಲಿದ್ದೇನೆ, ನಿಜ. ಏರ್‌ಪೋರ್ಟ್ ಪಕ್ಕದ ಸರಕು ಆಫೀಸಿನಲ್ಲಿ ಹತ್ತೊಂಬತ್ತು ವರ್ಷ, ಕೊನೆಗೆ ಒಂದು ರಟ್ಟಿನ ಡಬ್ಬ. ಕೆಲಸ ಹೋಯಿತು. ಓದು ಬರಹ ಹೋಗಿಲ್ಲ.

ಅಕ್ಟೋಬರ್ ೧೭. ದೀಪಾವಳಿ

ಹೃಷಿ ಬಂದಿದ್ದ. ಕೈಯಲ್ಲಿ ಮೈಸೂರುಪಾಕಿನ ಡಬ್ಬ, ಕಂಕುಳಲ್ಲಿ ಫೈಲು.

ಹಬ್ಬದ ದಿನ ಮನೆಗೆ ಬಂದವನು. ಒಬ್ಬಟ್ಟು ಬಡಿಸಿದೆ. ಎರಡನೆಯದು ಮುರಿಯುತ್ತಾ ಹೇಳಿದ — "ಅಕ್ಕಾ, ಅರ್ಧ ಜನಕ್ಕೆ ಕೆಲಸ ಇಲ್ಲ. ಈಗ ಚುನಾವಣೆ, ಭಾಷಣ, ಗುಂಪುಗಾರಿಕೆ... ಬೇಕಾ? ನಾನೇನು ಕುರ್ಚಿಗೆ ಅಂಟ್ಕೊಂಡಿದೀನಾ?"

"ಅಂಟಿಲ್ಲ ಅಂದ್ರೆ ಎದ್ದು ತೋರಿಸು."

ನಕ್ಕ. ಇವರೂ ನಕ್ಕರು. ನಾನು ನಗಲಿಲ್ಲ.

"ನೀವೇ ಕ್ಲಾಸಿನಲ್ಲಿ ಹೇಳೋದಲ್ವಾ? ಹದಿಮೂರರಲ್ಲಿ ಒಬ್ಬ ಬೇಡ ಅಂದ್ರೆ ಎಲ್ಲ ನಿಲ್ತಿತ್ತು, ಅದಕ್ಕೇ ಆ ವ್ಯವಸ್ಥೆ ಮುರೀತು ಅಂತ. ಈಗ ನೀವೊಬ್ರು ಇನ್ನೂರು ಜನಕ್ಕೆ ಅಡ್ಡ ನಿಲ್ಲೋದು ಡೆಮಾಕ್ರಸಿನಾ?"

ಮಾತು ಸರಿಯಾಗೇ ತಗುಲಿತು. ಹುಡುಗ ದಡ್ಡನಲ್ಲ.

"ಎರಡು ಕೆಲಸ ಮಾಡು. ಮುಂದುವರಿಯೋದು ಯಾವತ್ತಿನವರೆಗೆ ಅಂತ ಒಂದು ತಾರೀಖು ಹಾಕು. ತಲೆ ಎಣಿಸು. ಇನ್ನೂರರಲ್ಲಿ ನೂರಾ ಒಂದು ನಿನ್ನ ಕಡೆ ಬಂದ್ರೆ ಅವತ್ತೇ ಸಹಿ ಹಾಕ್ತೀನಿ, ನನಗೆ ಇಷ್ಟ ಇಲ್ಲದಿದ್ರೂ."

"ನಮ್ಮವರನ್ನ ಎಣಿಸೋದಾ ಅಕ್ಕಾ..." ಅಂದ, ಮನಸ್ಸಿಗೆ ನೋವಾದವನ ಹಾಗೆ.

ಇವರು ಸಹಿ ಹಾಕಿಕೊಟ್ಟರು. ನನ್ನ ಕಣ್ಣ ಮುಂದೆ. "ಹಬ್ಬದ ದಿನ ಯಾಕೆ ರಾಮಾಯಣ?" ಅಂತ.



ಅಕ್ಟೋಬರ್ ೧೯

ಎಲ್ಲಿಯೂ ಬರೆದಿರಲಿಲ್ಲ ಇದನ್ನು. ಬರೆದುಬಿಡುತ್ತೇನೆ.

೧೯೭೬, ಜನವರಿ. ಸ್ಟಾಫ್ ರೂಮಿಗೆ ಟೈಪ್ ಮಾಡಿದ ಹಾಳೆ ಬಂತು. ತುರ್ತು ಪರಿಸ್ಥಿತಿ ತಂದ ಶಿಸ್ತನ್ನು ಅಧ್ಯಾಪಕ ವರ್ಗ ಹೃತ್ಪೂರ್ವಕವಾಗಿ ಸ್ವಾಗತಿಸುತ್ತದೆ. ಆಗಲೂ ಅದೇ ಮಾತು — ತಾತ್ಕಾಲಿಕ, ಪರಿಸ್ಥಿತಿ ಸುಧಾರಿಸುವವರೆಗೆ. ಏಳು ಸಹಿ ಆಗಿತ್ತು. ಎಂಟನೆಯದು ನನ್ನದು. ಒಂಬತ್ತನೆಯವಳು ಗುರುದೇವಿ, ಕನ್ನಡ ಹೇಳುತ್ತಿದ್ದವಳು. ಓದಿದಳು. ಮುಟ್ಟದೆ ಪಕ್ಕದವರಿಗೆ ದಾಟಿಸಿದಳು. ಅಷ್ಟೇ. ಭಾಷಣವಿಲ್ಲ, ಏನಿಲ್ಲ.

ಮುಂದಿನ ಟರ್ಮಿಗೆ ಅವಳನ್ನು ಇಟ್ಟುಕೊಳ್ಳಲಿಲ್ಲ. ಅವಳ ಪೀರಿಯಡ್‌ಗಳನ್ನು ನಮ್ಮ ನಾಲ್ವರಿಗೆ, ಅವರವರ ವಿಷಯ ಹೇಳಲು, ಹಂಚಿದರು. ತೆಗೆದುಕೊಂಡೆ. ಆ ಪೀರಿಯಡ್‌ನಲ್ಲಿ ನಾನು ಹೇಳಿದ ಪಾಠ — ಮೂಲಭೂತ ಹಕ್ಕುಗಳು.

ಫಿಲಡೆಲ್ಫಿಯಾದಲ್ಲಿ ಕೊನೆಯ ದಿನದವರೆಗೆ ಕೂತು, ವಾದ ಮಾಡಿ, ಕೊನೆಗೆ ಸಹಿ ಹಾಕದೆ ಎದ್ದವರು ಮೂವರಿದ್ದರು. ಜನರ ಹಕ್ಕುಗಳ ಪಟ್ಟಿ ಇದರಲ್ಲಿಲ್ಲ ಅನ್ನುವುದು ಅವರ ತಕರಾರುಗಳಲ್ಲಿ ಒಂದು. ಸಹಿ ಹಾಕಿದವರು ಮೂವತ್ತೊಂಬತ್ತು. ಅವರ ಹೆಸರಿನಲ್ಲಿ ಊರು, ಬೀದಿ, ಸ್ಕೂಲು. ಆದರೆ ನಾಲ್ಕು ವರ್ಷಕ್ಕೆ ಆ ಪಟ್ಟಿ ಸೇರಿಸಲೇಬೇಕಾಯಿತು. ಒಬ್ಬಳೇ ಎದ್ದು ನಿಂತು ಮಾತಾಡಬಹುದು, ನನ್ನಿಷ್ಟದ ಪೂಜೆ ಮಾಡಬಹುದು ಅನ್ನುವುದೆಲ್ಲ ಆ ತಕರಾರಿನಿಂದ.

ಅಕ್ಟೋಬರ್ ೩೦

ಹೃಷಿಯ ಆಫೀಸಿನ ಸೆಕ್ರೆಟರಿಯಿಂದ ಎರಡು ಸಾಲು. ನಮ್ಮ ಕ್ಲಾಸಿಗೆ ಅಲ್ಲಿನ ಕಾನ್ಫರೆನ್ಸ್ ರೂಮು ನವೆಂಬರ್ ೯ರಿಂದ ಸಿಗುವುದಿಲ್ಲ. ವೆಚ್ಚ ಕಡಿತ.

ಶನಿವಾರ ಬೆಳಿಗ್ಗೆ ಆ ಕಟ್ಟಡದಲ್ಲಿ ನೊಣವೂ ಇರುವುದಿಲ್ಲ. ಶಾಂತವ್ವನ ಇಂಟರ್‌ವ್ಯೂಗೆ ಇನ್ನು ಇಪ್ಪತ್ತೈದು ದಿನ.

ಫೋನು ಮಾಡಿದೆ. "ಅಕ್ಕಾ, ನನ್ನ ಕೈಯಲ್ಲೇನಿದೆ? ನೀವು ಸ್ವಲ್ಪ ಕೋಆಪರೇಟ್ ಮಾಡಿದ್ರೆ ನಾನೂ ಬಿಲ್ಡಿಂಗ್‌ನೋರ ಹತ್ರ ಮಾತಾಡಬಹುದು."

ಇಟ್ಟುಬಿಟ್ಟೆ.

ನವೆಂಬರ್ ೮. ಭಾನುವಾರ

ರಾಜ್ಯೋತ್ಸವ. ಸ್ಕೂಲಿನ ಆಡಿಟೋರಿಯಂ. ಮಕ್ಕಳ ನೃತ್ಯ, ಸನ್ಮಾನ, ಆಮೇಲೆ ಊಟಕ್ಕೆ ಹತ್ತು ನಿಮಿಷ ಮುಂಚೆ ಜನರಲ್ ಬಾಡಿ. ಯಾವಾಗಲೂ ಹೀಗೇ. ಬಿಸಿಬೇಳೆಬಾತಿನ ಘಮ ಒಳಗೆ ಬರುತ್ತಿರುವಾಗ ಯಾವ ಕನ್ನಡಿಗ ಎದ್ದು ಪ್ರಶ್ನೆ ಕೇಳುತ್ತಾನೆ?

ಹೃಷಿ ತಿದ್ದುಪಡಿ ಓದಿದ. "ಎಲ್ಲರ ಒಪ್ಪಿಗೆ ಇದೆ ಅಂತ ಭಾವಿಸಿ, ಜೋರಾಗಿ ಒಂದು ಚಪ್ಪಾಳೆ..."

ಎದ್ದೆ. "ನನ್ನ ವಿರೋಧ ಇದೆ. ಎಣಿಸಿ."

ಚಪ್ಪಾಳೆ ಅರ್ಧಕ್ಕೆ ನಿಂತಿತು. ಹೃಷಿ ಮೈಕಿನಲ್ಲಿ ಮೆತ್ತಗೆ — "ಅಕ್ಕಾ, ಎಣಿಸಬೇಕು ಅಂತ ಬೈಲಾದಲ್ಲಿ ಎಲ್ಲಿದೆ? ಬರೆದವರು ನೀವೇ ಅಲ್ವಾ?"

ನಗು. ಇಡೀ ಹಾಲು. ಹಿಂದಿನ ಸಾಲಿನಲ್ಲಿ ಯಾರೋ, "ಆಂಟಿ, ಊಟ ತಣ್ಣಗಾಗುತ್ತೆ!"

ಕೂರಬಹುದಿತ್ತು. "ಹೌದು, ನಾನೇ ಬರೆದಿದ್ದು. ನಾನೇ ತಪ್ಪು ಮಾಡಿದ್ದು. ನಮ್ಮವರನ್ನ ಎಣಿಸೋದು ಅವಮಾನ ಅಂದ್ಕೊಂಡಿದ್ದೆ. ಎಣಿಸದೇ ಇರೋದೇ ಅವಮಾನ" ಅಂದೆ.

ಬಲಗಡೆಯಿಂದ ಶಾಂತವ್ವ ಎದ್ದು ನಿಂತರು. "ನಂದೂ ಐತ್ರೀ ವಿರೋಧ. ನನ್ನ ಎಣಸ್ರಿ. ಒಂದು ಅಂತ ಬರ್ಕೋರಿ."

ಅವರ ಮಗಳು ಸೆರಗು ಎಳೆಯುತ್ತಿದ್ದಳು. ಕೂರಲಿಲ್ಲ ಪುಣ್ಯಾತ್ಗಿತ್ತಿ.

ಆಮೇಲೆ ಮತ್ತೆ ಚಪ್ಪಾಳೆ, ಇನ್ನೂ ಜೋರಾಗಿ. ಪಾಸಾಯಿತಂತೆ. ಮಿನಿಟ್ಸ್‌ನಲ್ಲಿ "ಅವಿರೋಧವಾಗಿ" ಅಂತಲೇ ಬರೆದರು. ಇಬ್ಬರು ಹೆಂಗಸರು ನಿಂತೇ ಇದ್ದೆವು.

ಇವರು ನನ್ನ ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ವಾಪಸ್ ಬರುವಾಗ ಹೈವೇ ಇಳಿಯುವ ಎಕ್ಸಿಟ್ಟು ತಪ್ಪಿ ನಾಲ್ಕು ಮೈಲಿ ಮುಂದೆ ಹೋದರು.

ನವೆಂಬರ್ ೧೪. ಶನಿವಾರ

ಬೆಳಿಗ್ಗೆ ಎದ್ದಾಗ ಎರಡೂ ಕಾರು ಡ್ರೈವ್‌ವೇಯಲ್ಲಿ. ಗರಾಜು ಗುಡಿಸಿ, ಮಡಚುವ ಕುರ್ಚಿ ಹನ್ನೊಂದು ಹಾಕಿ, ಸ್ಪೇಸ್ ಹೀಟರ್ ಇಟ್ಟಿದ್ದರು ಇವರು. ಗೋಡೆಗೆ ಆನಿಸಿ ತನ್ಮಯಿಯ ಹಳೇ ಬ್ಲ್ಯಾಕ್‌ಬೋರ್ಡು.

"ಕ್ಲಾಸು ಹತ್ತಕ್ಕೆ ತಾನೇ?" ಅಂದರು. ಹೊರಟರು, ಎಂದಿನ ಹಾಗೆ ಎಲ್ಲರನ್ನೂ ಕರೆತರಲು.

ಆರೇ ಜನ ಬಂದರು. ಮೂವರ ಮಕ್ಕಳು ಫೋನು ಮಾಡಿ, "ಆಂಟಿ, ಸ್ವಲ್ಪ ದಿನ ಬೇಡ" ಅಂದರು. ಇರಲಿ. ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ ಆರು ಮುದುಕರು ಬಿಲ್ ಆಫ್ ರೈಟ್ಸ್, ಅದೇ ಹಕ್ಕುಗಳ ಪಟ್ಟಿ, ಹೇಳಿದರು, ಬಾಯಿಂದ ಹಬೆ ಬಿಡುತ್ತಾ. ಇವರು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಪೂರ್ತಿ ಕೇಳಿದರು. ಇದುವರೆಗೆ ಕಾರಿನಲ್ಲೇ ಪೇಪರ್ ಓದುತ್ತಾ ಇರುತ್ತಿದ್ದರು.

ಮಧ್ಯೆ ಕೈ ಎತ್ತಿದರು, ಹುಡುಗನ ಹಾಗೆ. "ಸಹಿ ಹಾಕಿದ ಮೇಲೆ ತಪ್ಪು ಅಂತ ಗೊತ್ತಾದ್ರೆ?"

ಶಾಂತವ್ವ ನನಗೆ ಬಿಡಲೇ ಇಲ್ಲ. "ತಿದ್ದೂದ್ರೀ ಅಣ್ಣಾರ! ಅವ್ರ ಇಪ್ಪತ್ತೇಳು ಸಲ ತಿದ್ಯಾರ. ನಿಮ್ದೇನು ಒಂದು."

ನವೆಂಬರ್ ೨೪

ಪಾಸು! ಶಾಂತವ್ವ ಪಾಸು!

ಡೌನ್‌ಟೌನಿಗೆ ನಾವಿಬ್ಬರೇ ಕರೆದುಕೊಂಡು ಹೋದೆವು. ಹೊರಗೆ ಒಂದೂಮುಕ್ಕಾಲು ಗಂಟೆ ಕಾದೆವು. ಬಾಗಿಲಿಂದ ಬಂದ ಮುಖ ನೋಡಿಯೇ ಗೊತ್ತಾಯಿತು. ರೂಲ್ ಆಫ್ ಲಾ ಅಂದರೇನು ಅಂತ ಆಫೀಸರು ಕೇಳಿದನಂತೆ. ಶಾಂತವ್ವನ ಉತ್ತರ — "ನೋ ಒನ್ ಅಬೌ ಲಾ. ಪ್ರೆಸಿಡೆಂಟ್ ಆಲ್ಸೋ. ಅವರ್ ಕನ್ನಡ ಪ್ರೆಸಿಡೆಂಟ್ ಆಲ್ಸೋ."

"ಅವ ನಕ್ಕೋತ ಟಿಕ್ ಮಾಡಿದ್ನಿರಿ" ಅಂದರು. ಪಾರ್ಕಿಂಗ್ ಲಾಟಿನಲ್ಲಿ ನನ್ನನ್ನು ತಬ್ಬಿಕೊಂಡು ಅತ್ತರು. ಇನ್ನು ಪ್ರಮಾಣವಚನ ಒಂದೇ ಬಾಕಿ. ಯಾವ ಚುನಾವಣೆ ಮೊದಲು ಬರುತ್ತೋ ಅದಕ್ಕೇ ಹೋಗುತ್ತಾರಂತೆ. ಊರಿನ ಪಾರ್ಕು ನೋಡಿಕೊಳ್ಳುವ ಮಂಡಳಿ, ಪಾರ್ಕ್ ಡಿಸ್ಟ್ರಿಕ್ಟಿನದಾದರೂ ಸರಿಯಂತೆ.

ನವೆಂಬರ್ ೨೮. ಶನಿವಾರ, ಮಧ್ಯಾಹ್ನ ೩:೪೦

ಹೃಷಿ ಕೆಳಗಿದ್ದಾನೆ. ಸೋಮವಾರ ತಿದ್ದುಪಡಿಯ ಕಾಗದ ರಾಜ್ಯದ ನೋಂದಣಿ ಆಫೀಸಿಗೆ ಹೋಗಬೇಕಂತೆ. ನನ್ನ ಸಹಿಯೊಂದೇ ಬಾಕಿ. ಈ ಸಲ ಸಿಹಿ ಇಲ್ಲ, ಬೂಟೂ ಬಿಚ್ಚಿಲ್ಲ.

ಮತ್ತೆ ಹೇಳಿದೆ. ತಾರೀಖು. ಎಣಿಕೆ. ಇಲ್ಲದಿದ್ದರೆ ಹಳೇ ಬೈಲಾನೇ ಇರಲಿ, ಡಿಸೆಂಬರ್ ಮೂವತ್ತೊಂದಕ್ಕೆ ನಿನ್ನ ಅವಧಿ ಮುಗೀತು. "ಇನ್ಮೇಲೆ ಬಳಗದಲ್ಲಿ ನಿಮ್ಮನ್ನ ಯಾರೂ ಮಾತಾಡಿಸಲ್ಲ ಅಕ್ಕಾ" ಅಂದ. "ನಾನು ಮಾತಾಡ್ತೀನಲ್ಲ, ಸಾಕು" ಅಂದೆ.

ಅಷ್ಟರಲ್ಲಿ ಇವರು, "ನೀನು ಹತ್ತು ನಿಮಿಷ ಮೇಲೆ ಹೋಗು. ನಾನು ಮಾತಾಡ್ತೀನಿ."

ಬಂದೆ. ಮೆಟ್ಟಿಲು ಹತ್ತುವಾಗ ಉರಿದುಹೋಗುತ್ತಿತ್ತು. ಮತ್ತೆ ರಾಜಿ, ಮತ್ತೆ ಹೋಗಲಿ ಬಿಡು... ಕೆಳಗೆ ಹೋದಾಗ ಏನು ಹೇಳಬೇಕು ಅಂತ ಬರೆದುಕೊಳ್ಳೋಣ ಅಂತ ಇದನ್ನು ತೆರೆದೆ. ಬಾಗಿಲು ತೆರೆದೇ ಇದೆ, ಎಲ್ಲ ಕೇಳುತ್ತಿದೆ.

"ನನ್ನ ಸಹಿ ಇರೋ ಹಾಳೆ ಕೊಡು ಹೃಷಿ."

"ಯಾಕೆ ಭಾವ?"

"ತಾರೀಖು ಬರೀಬೇಕು."

"ಸಹಿ ಕೆಳಗೆ ಬರೆದಿದೀರಲ್ಲ ಆಗಲೇ."

"ಅದಲ್ಲ. ಚುನಾವಣೇದು."

ಕುರ್ಚಿ ಸರಿದ ಶಬ್ದ. "ಭಾವ, ಅದು ಒರಿಜಿನಲ್ಲು! ಗೀಚಬೇಡಿ, ಭಾವ!"

"ಡಿಸೆಂಬರ್ ಇಪ್ಪತ್ತು, ಭಾನುವಾರ. ಕೈ ಎತ್ತಿಸಿ ಎಣಿಸೋದು. ಊಟಕ್ಕೆ ಮುಂಚೆ ಅಲ್ಲ, ಊಟ ಆದ್ಮೇಲೆ. ಇದು ಬೇಡ ಅಂದ್ರೆ ನನ್ನ ಸಹಿನೂ ಇಲ್ಲ, ನೋಡು, ಹೊಡೆದು ಹಾಕಿದೀನಿ."

ಈ ಧ್ವನಿ ನಾನು ಕೇಳಿಯೇ ಇರಲಿಲ್ಲ. ಮೂವತ್ತೈದು ವರ್ಷ ಒಂದೇ ಮನೆಯಲ್ಲಿ...

ಕೂಗುತ್ತಿದ್ದಾರೆ. "ವಸುಧಾ! ಪೆನ್ನು ತಗೊಂಡು ಬಾ ಕೆಳಗೆ."

ಆ ಪೆನ್ನಲ್ಲೇ ಇದನ್ನ ಬರೀತಾ ಇದೀ—