ಅರ್ಧ ಚಕ್ರದಷ್ಟು ಹಿಂದೆ

ಗೂಬೆ,

ಈ ಕಾಗದ ನಿನಗೆ ತಲುಪುವುದಿಲ್ಲ, ಹಾಗಾಗಿ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಇವತ್ತು ಸೈಕಲ್ ತಂಡದ ಆಯ್ಕೆಯ ಓಟದಲ್ಲಿ ಬಿದ್ದೆ. ನಿನ್ನ ಜಾಗಕ್ಕೆ ಬಂದಿರುವ ಹುಡುಗಿಯನ್ನೂ ಬೀಳಿಸಿದೆ. ಹೊರಡುವಾಗ ನೀನು ಸದಾ ಅರ್ಧ ಚಕ್ರದಷ್ಟು ಹಿಂದುಳಿಯುತ್ತಿದ್ದೆಯಲ್ಲ, ನಿನಗಾಗಿ ಮೊದಲೆರಡು ಸಲ ಮೆಲ್ಲಗೆ ತುಳಿಯುವುದು ನನ್ನ ಕಾಲಿಗೆ ರೂಢಿಯಾಗಿಬಿಟ್ಟಿದೆ. ಇವಳು ಹಿಂದುಳಿಯುವವಳಲ್ಲ. ಅವಳ ಮುಂದಿನ ಚಕ್ರ ನನ್ನ ಹಿಂದಿನ ಚಕ್ರಕ್ಕೆ ಬಡಿಯಿತು. ನಮ್ಮ ಟ್ರ್ಯಾಕ್ ಸೈಕಲ್ಲುಗಳಿಗೆ ಬ್ರೇಕ್ ಇಲ್ಲವೆಂದು ನಿನಗೆ ಹೇಳಬೇಕೆ?

"ಯಾರಿಗೆ ಕಾಯ್ತಿದ್ದೆ, ನೆಂಟರಿಗಾ?" ಎಂದು ಕೋಚ್ ಕೂಗಿದರು.

ನಾಳೆ ಬೆಳಿಗ್ಗೆ ಮತ್ತೊಂದು ಅವಕಾಶವಿದೆ, ಅದೇ ಕೊನೆಯದು. ತಪ್ಪಿದರೆ ತಂಡವೂ ಇಲ್ಲ, ಹಾಸ್ಟೆಲ್ ಕೋಣೆಯೂ ಇಲ್ಲ. ಫಿಸಿಯೊ ಮಂಡಿ ಒತ್ತಿ ನೋಡಿದಾಗ ನೋವಿಲ್ಲ ಎಂದೆ. ಆದರೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಬೆಂಚು ಹಿಡಿದುಕೊಂಡು ಏಳುವುದನ್ನು ಆ ಹುಡುಗಿ ನೋಡಿಬಿಟ್ಟಳು.

"ಕೋಚ್‌ಗೆ ಹೇಳ್ಬೇಡ ಕಣೇ, ನಿನ್ನ ದಮ್ಮಯ್ಯ," ಎಂದು ಅವಳ ಕೈ ಹಿಡಿದುಕೊಂಡೆ.

ಮೊಣಕೈಯ ಗಾಯಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದವಳು ನಕ್ಕುಬಿಟ್ಟಳು. "ಅಯ್ಯೋ, ಏನಕ್ಕಾ ನೀವು! ಜೊತೇಲಿ ಓಡಿಸೋರು ಹಾಗೆಲ್ಲ ಹೇಳ್ತಾರಾ?"

ನಿನ್ನ ಮಂಡಿನೋವಿನ ವಿಷಯ ಕೋಚ್‌ಗೆ ಹೇಗೆ ಗೊತ್ತಾಯಿತೆಂದು ನೀನು ಒಮ್ಮೆಯೂ ಕೇಳಲಿಲ್ಲ. ನಿನ್ನನ್ನು ತಂಡದಿಂದ ತೆಗೆದ ದಿನ ನೀನು ಬಟ್ಟೆಬರೆ ಕಟ್ಟಿಕೊಳ್ಳುವಾಗ ನಾನು ಎದುರಿಗೇ ನಿಂತಿದ್ದೆ. ಆಗಲೂ ಕೇಳಲಿಲ್ಲ. ಬಾಗಿಲಲ್ಲಿ ನನ್ನನ್ನು ತಬ್ಬಿಕೊಂಡು, "ಚೆನ್ನಾಗಿ ಓಡ್ಸೇ," ಎಂದಷ್ಟೇ ಹೇಳಿ ಹೋದೆ ನೀನು.