ಎಡಗೈಯ ಎಸೆತ

ಭಾನುವಾರ, ಮಾರ್ಚ್ ೧೨

ಪ್ರೀತಿಯ ಮಗಳೇ,

ನಾವಿಬ್ಬರೂ ಚೆನ್ನಾಗಿದ್ದೇವೆ. ಉತ್ತರ ತಡವಾಯಿತು, ಬೈದುಕೋಬೇಡ. "ಪ್ರೆಸ್ಸಿನ ಮಷೀನಿಗೆ ಮೂರು ಬೆರಳು ಕೊಟ್ಟ ಬಲಗೈಯಲ್ಲಿ ಇನ್ನೇನು ಮೀನು ಹಿಡೀಲಿ? ನನ್ನ ಗಾಳದ ಕೋಲು ಯಾರಿಗಾದ್ರೂ ಕೊಟ್ಬಿಡಪ್ಪ" ಎಂದು ಬರೆದಿದ್ದೆಯಲ್ಲ, ಅದಕ್ಕೆ ಬರೀ ಬಾಯುಪಚಾರದ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಮೊದಲು ನಾನೇ ಎಡಗೈಯಲ್ಲಿ ಎಸೆದು ನೋಡಿ, ಆಮೇಲೆ ಬರೆಯೋಣ ಎಂದುಕೊಂಡೆ.

ಸಂಜೆ ಹೊಲಿಗೆ ಅಂಗಡಿ ಮುಚ್ಚಿ ಹಿಂದಿನ ಮೈದಾನಕ್ಕೆ ಹೋಗುತ್ತಿದ್ದೆ. ದಾರದ ತುದಿಗೆ, ಮೀನನ್ನು ಮರುಳು ಮಾಡಲು ಕಟ್ಟುವ ಗರಿಯ ನೊಣದ ಬದಲು ಕೆಂಪು ಉಣ್ಣೆಯ ಚೂರು ಕಟ್ಟಿದ್ದೆ. ಇಷ್ಟು ವರ್ಷ ಬಲಗೈ ಎಸೆಯುವಾಗ ಎಡಗೈ ಪಕ್ಕದಲ್ಲೇ ಇತ್ತಲ್ಲ, ನೋಡಿಯಾದರೂ ಒಂದಿಷ್ಟು ಕಲಿತಿರಬೇಕು ಅಂದುಕೊಂಡಿದ್ದೆ. ಎಲ್ಲಿಯ ಮಾತು! ದಾರ ನನ್ನ ಕುತ್ತಿಗೆಗೇ ಸುತ್ತಿಕೊಂಡಿತು. ಕಿಟಕಿಯಲ್ಲಿ ನಿಂತಿದ್ದ ನಿನ್ನ ಅಮ್ಮ, "ಸದ್ಯ, ಇವತ್ತು ದೊಡ್ಡ ಮೀನೇ ಸಿಕ್ತು, ಒಳಗೆ ಎಳ್ಕೊಳ್ಲಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿನ್ನ ಅಪಘಾತವಾದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ತಪ್ಪೆಲ್ಲ ಮಣಿಕಟ್ಟಿನದು. ಅದು ಹಿಂದಕ್ಕೆ ಬಾಗಿದರೆ ಕೋಲಿನ ತುದಿ ನೆಲ ನೋಡುತ್ತದೆ, ದಾರ ಹುಲ್ಲಿಗೆ ಬೀಳುತ್ತದೆ. ಕೋಲನ್ನು ಕಿವಿಯ ಪಕ್ಕ ನಿಲ್ಲಿಸು, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳಲಿ, ಆಮೇಲೆ ಮುಂದಕ್ಕೆ ತಾ ಎಂದು ಚಿಕ್ಕಂದಿನಲ್ಲಿ ನಿನ್ನ ಪ್ರಾಣ ತಿನ್ನುತ್ತಿದ್ದೆ. ಈಗ ನನಗೆ ನಾನೇ ಬೈದುಕೊಳ್ಳುವ ಹಾಗಾಯಿತು. ಕೊನೆಗೆ ದರ್ಜಿಯ ಬುದ್ಧಿ ಓಡಿಸಿದೆ. ಅಂಗಿಯ ಎಡತೋಳಿನ ತುದಿಗೆ ಗಟ್ಟಿ ಪಟ್ಟಿಯ ಕುಣಿಕೆ ಹೊಲಿದು, ಕೋಲಿನ ಬುಡವನ್ನು ಅದರೊಳಗೆ ತೂರಿಸಿದೆ. ಮಣಿಕಟ್ಟು ಬಾಗಬೇಕೆಂದರೂ ಆಗಲಿಲ್ಲ, ದಾರ ನೆಟ್ಟಗೆ ಹೋಯಿತು. ಖುಷಿಗೆ ಒಬ್ಬನೇ ಕೂಗಿಬಿಟ್ಟೆ.

ಹೋದ ವಾರ ಕೆರೆಯಲ್ಲಿ ದೂರ ಎಸೆಯುವ ಪಂದ್ಯವಿತ್ತು. ಪ್ರತಿ ಸಲ ಗೆದ್ದು ಮೀಸೆ ತಿರುವುತ್ತಿದ್ದ ನಾನು ಈ ಸಲ ಬಲಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಎಲ್ಲರಿಗಿಂತ ಹಿಂದೆ ಬಿದ್ದೆ. ನನ್ನ ಹಳೇ ಎದುರಾಳಿ ಬಸ್ ಡ್ರೈವರ್ ಬಿಡುತ್ತಾನೆಯೇ? "ಏನ್ರೀ ಟೈಲರ್, ನಿಮ್ಮ ದಾರ ಗುಂಡಿ ಹೊಲಿಯೋಕೇ ಲಾಯಕ್ಕು" ಎಂದ.

"ಮಗಳು ಬರ್ಲಿ ತಾಳಿ, ಆಗ ನೋಡೋಣ" ಎಂದೆ.

ಅವನ ನಗು ನಿಂತಿತು. "ಬರ್ತಾಳಾ?" ಎಂದು ಮೆಲ್ಲಗೆ ಕೇಳಿದ. ಅದನ್ನು ನೀನೇ ಹೇಳಬೇಕು. ಅದಕ್ಕೇ ಈ ಕಾಗದ.

ನಿನ್ನ ಕೋಲನ್ನು ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನಿನ್ನ ನೀಲಿ ಅಂಗಿಯ ಎಡತೋಳಿಗೂ ಕುಣಿಕೆ ಹೊಲಿದಿಟ್ಟಿದ್ದೇನೆ. ಅಳತೆ ಸರಿಯಿದೆಯೋ ಇಲ್ಲವೋ ಬಂದು ಹಾಕಿ ನೋಡಬೇಕಾದವಳು ನೀನು. ಕೈ ಬೇಗ ಮಾಯಲಿ. ಮನಸ್ಸು ಅದಕ್ಕೂ ಮುಂಚೆ ಮಾಯಲಿ.

ನಿನ್ನ
ಅಪ್ಪ

ಮತ್ತೆ: ಮೇಲೆ ಬರೆಯಲು ಧೈರ್ಯ ಬರದ ಒಂದು ಮಾತಿದೆ. ಆಸ್ಪತ್ರೆಯಲ್ಲಿ ನಾನು ಒಳಗೆ ಬಂದ ಕೂಡಲೇ ನೀನು ಬಲಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡೆ. ಅಮ್ಮನಿಗೆ ತೋರಿಸಿದವಳು ನನಗೆ ತೋರಿಸಲಿಲ್ಲ. ಅದು ಇನ್ನೂ ಚುಚ್ಚುತ್ತಿದೆ, ತಾಯಿ. ಹೆಬ್ಬೆರಳು, ತೋರುಬೆರಳು ಉಳಿದಿವೆ ಎಂದು ಅವಳೇ ಹೇಳಿದಳು. ಪಂದ್ಯ ಮುಗಿದು ಎಲ್ಲರೂ ಹೋದ ಮೇಲೆ ನನ್ನ ಬಲಗೈಯನ್ನು ಜೇಬಿನಿಂದ ತೆಗೆದು, ಮಿಕ್ಕ ಮೂರು ಬೆರಳಿಗೆ ಬಟ್ಟೆ ಸುತ್ತಿ, ಆ ಎರಡರಲ್ಲೇ ದಾರ ಹಿಡಿದೆ. ಎಡಗೈ ಕೋಲನ್ನು ಮುಂದಕ್ಕೆ ತರುವಾಗ ಅವು ದಾರವನ್ನು ಸರಕ್ಕನೆ ಕೆಳಗೆ ಜಗ್ಗಿ ಬಿಟ್ಟವು. ಡ್ರೈವರ್ ಎಸೆದ ಗುರುತನ್ನೂ ದಾಟಿ ಬಿತ್ತು! ದೂರ ದಕ್ಕುವುದೇ ದಾರ ಜಗ್ಗುವ ಕೈಯಿಂದ, ಮಗಳೇ, ಅದಕ್ಕೆ ಎರಡು ಬೆರಳು ಧಾರಾಳವಾಯಿತು. ಬಂದಾಗ ಆ ಕೈಯನ್ನು ನನ್ನ ಮುಂದೆ ಚಾಚು. ದಾರ ಹಿಡಿಸಬೇಕು.