ಅಂಗುಳವೋ ದವಡೆಯೋ

ಮಾರ್ಚ್ ೧೪, ರಾತ್ರಿ

ನಿದ್ದೆಯಲ್ಲಿ ಉಸಿರು ಕಟ್ಟುವುದಕ್ಕೆ ಡಾಕ್ಟರು ಇಂದು ಎರಡು ಆಪರೇಷನ್ ಹೇಳಿದರು. ಅಂಗುಳದ ಹಿಂಭಾಗ ಕತ್ತರಿಸಿದರೆ ಊದುವಾಗ ಗಾಳಿ ಮೂಗಿಗೆ ಸೋರಬಹುದು. ದವಡೆ ಕೊಯ್ದು ಮುಂದಕ್ಕೆ ಕೂರಿಸಿದರೆ ತುಟಿ ಮರಗಟ್ಟಬಹುದು. ಕೊಳಲು ಊದಿ ಬದುಕುವವನಿಗೆ ಇದೆಂಥ ಆಯ್ಕೆ? ಉಸಿರು ಕಟ್ಟದಿರಲೆಂದು ಮೊದಲು ಕೊಟ್ಟಿದ್ದ ಗಾಳಿಯ ಮಾಸ್ಕನ್ನಂತೂ ನಿದ್ದೆಗಣ್ಣಿನಲ್ಲೇ ಕಿತ್ತೆಸೆಯುತ್ತೇನೆ.

"ಊರಿಗೆಲ್ಲ ಉಸಿರು ಹಂಚ್ತೀರಿ, ನಿಮಗಂತ ಒಂಚೂರು ಉಳಿಸ್ಕೊಳ್ಳಲ್ಲ," ಎಂದು ಹೆಂಡತಿ ಬಸ್ಸಿನಲ್ಲಿ ನಗಿಸಲು ನೋಡಿದಳು.

ಊಟದ ಹೊತ್ತಿಗೆ ಅವಳ ದನಿ ಇಳಿದಿತ್ತು. "ಯಾವುದಾದ್ರೂ ಒಂದು ಮಾಡಿಸ್ಕೊಳ್ರೀ. ಉಸಿರು ನಿಂತಾಗೆಲ್ಲ ಅಲ್ಲಾಡಿಸಿ ಎಬ್ಬಿಸೋಳು ನಾನು. ಒಂದಿನ ನಂಗೇ ನಿದ್ದೆ ಬಂದ್ಬಿಟ್ರೆ? ಊದದಿದ್ರೂ ಪರವಾಗಿಲ್ಲ, ನೀವಿದ್ರೆ ಸಾಕು."

ಊದದ ನನ್ನನ್ನು ಅವಳು ಆಗಲೇ ಕಂಡಿದ್ದಾಳೆ, ಒಪ್ಪಿಕೊಂಡೂ ಬಿಟ್ಟಿದ್ದಾಳೆ. ಎಷ್ಟು ಹುಡುಕಿದರೂ ನನಗೆ ಅವನು ಕಾಣುತ್ತಿಲ್ಲ. ಒಳಗಿನಿಂದ ಕರೆಯುತ್ತಿದ್ದಾಳೆ, ನಾನು ಮಲಗುವವರೆಗೆ ಅವಳು ಕಾಯುತ್ತಲೇ ಇರುತ್ತಾಳೆ.